ನಾನು ಕಾದ ಮೀಸೆ

ಇನ್ನೂರು ವರ್ಷದ ಮೀಸೆಯೊಂದನ್ನು ನಲವತ್ತು ವರ್ಷ ಕಣ್ಣು ಮಿಟುಕಿಸದೆ ಕಾದವನು ನಾನು. ಮಿಟುಕಿಸದೆ ಎಂದರೆ ಮಿಟುಕಿಸದೆ. ಕಣ್ಣಿಗೆ ಕಸ ಬಿದ್ದರೆ ನನ್ನ ನೋಟದ ಬಿಗಿಗೆ ಹೆದರಿ ಕಸವೇ ಎದ್ದು ಹೊರಗೆ ಹೋಗುತ್ತಿತ್ತು. ನಂಬದವರು ನಮ್ಮೂರಿನ ಮ್ಯೂಸಿಯಂಗೆ ಬಂದು ಬಾಗಿಲಲ್ಲಿ ನಿಂತ ಕಾವಲುಗಾರನ ಬೂಟು ನೋಡಲಿ. ಆ ಹೊಳಪಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಂಡವರಿದ್ದಾರೆ. ಬೂಟಿನ ವಿಷಯದಲ್ಲೇ ಇಷ್ಟು ಶ್ರದ್ಧೆಯಿರುವವನು ಮೀಸೆಯ ವಿಷಯದಲ್ಲಿ ಎಷ್ಟು ಶ್ರದ್ಧೆಯಿಂದಿರಬೇಡ!

ಮೀಸೆ ನನ್ನದಲ್ಲ, ಸೇತುವೆ ಅಜ್ಜನದು. ನಮ್ಮ ನದಿಗೆ ಮೊದಲ ಕಲ್ಲುಸೇತುವೆ ಕಟ್ಟಿಸಿದ ಮಹಾನುಭಾವ ಆತ. ಆತನದು ಒಂದೇ ಒಂದು ಚಿತ್ರ ಉಳಿದಿದೆ. ಎಣ್ಣೆಬಣ್ಣದ್ದು, ಆಳೆತ್ತರದ್ದು, ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ನೂರೈವತ್ತಕ್ಕೂ ಹೆಚ್ಚು ವರ್ಷ ಅದು ಯಾವುದೋ ಉಗ್ರಾಣದಲ್ಲಿ, ತಪ್ಪು ಮಾಡಿದ ಹುಡುಗನ ಹಾಗೆ, ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ನಲವತ್ತು ವರ್ಷದ ಹಿಂದೆ ಮ್ಯೂಸಿಯಂ ತೆರೆದಾಗ ಗೋಣಿತಟ್ಟು ಬಿಚ್ಚಿ ಮಹಡಿಯ ಕೊನೆಯ ಕೋಣೆಯಲ್ಲಿ ತೂಗುಹಾಕಿದರು. ತೂಗುಹಾಕಿದ ದಿನವೇ ಇಡೀ ಊರು ಆ ಮೀಸೆಗೆ ಮರುಳಾಯಿತು.

ಅಂದಿನಿಂದ ಇಂದಿನವರೆಗೆ ಆ ಮೀಸೆ ಹೋಗದ ಜಾಗವಿಲ್ಲ. ಸೇತುವೆಯ ಬಳಿ ಅಜ್ಜನ ಕಂಚಿನ ಪ್ರತಿಮೆ ಎದ್ದಿದೆ. ಮೀಸೆಯ ಒಂದೊಂದು ತುದಿಯ ಮೇಲೆ ಇಪ್ಪತ್ತಿಪ್ಪತ್ತು ಪಾರಿವಾಳ ಕೂರುತ್ತವೆ. ನಮ್ಮ ಫುಟ್‌ಬಾಲ್ ತಂಡದ ಅಂಗಿಯ ಎದೆಯ ಮೇಲೆ ಮೀಸೆ. ಪಂದ್ಯದ ದಿನ ಹೆಂಗಸರು, ಮಕ್ಕಳು, ತೊಟ್ಟಿಲ ಕೂಸು ಎಲ್ಲರ ಮೂಗಿನ ಕೆಳಗೂ ಕಾಗದದ ಮೀಸೆ. ಬಸ್ಸಿನ ಬದಿಗೆ ಮೀಸೆ, ಬ್ರೆಡ್ಡಿನ ಹೊದಿಕೆಗೆ ಮೀಸೆ. ಮ್ಯೂಸಿಯಂ ಎದುರಿನ ಕ್ಷೌರದಂಗಡಿಯಲ್ಲಿ ‘ಅಜ್ಜನ ಕಟ್’ ಮಾಡಿಸಿಕೊಳ್ಳದೆ ನಮ್ಮೂರಿನ ಗಂಡು ಮದುವೆಯ ಫೋಟೋಕ್ಕೆ ನಿಲ್ಲುವುದಿಲ್ಲ. ಬೇರೆ ಊರಿನವರು ‘ನಿಮ್ಮಲ್ಲಿ ನೋಡೋಕೆ ಏನಿದೆ?’ ಎಂದು ಕೇಳಿದರೆ ನಮ್ಮವರು ಉತ್ತರ ಕೊಡುವುದಿಲ್ಲ. ಇಲ್ಲದ ಮೀಸೆಯನ್ನಾದರೂ ಸರಿ, ಒಮ್ಮೆ ತಿರುವುತ್ತಾರೆ.

ಇನ್ನು ವಿದ್ವಾಂಸರು. ಮೀಸೆಯ ಎಡತುದಿ ಬಲತುದಿಗಿಂತ ಎರಡು ಬೆರಳು ಮೇಲಿದೆ. ಇದರ ಮೇಲೆ ಮೂವರು ಪಿಎಚ್.ಡಿ. ಮಾಡಿದ್ದಾರೆ. ಒಬ್ಬರು ಕಲಾವಿದ ಎಡಚನೆಂದರು. ಇನ್ನೊಬ್ಬರು ನದಿಯ ಗಾಳಿ ಆ ಕಡೆಯಿಂದ ಬೀಸುತ್ತಿತ್ತೆಂದರು. ಮೂರನೆಯವರು ಮುನ್ನೂರ ಹನ್ನೆರಡು ಪುಟ ಬರೆದು, ಅದು ಅಧಿಕಾರಕ್ಕೆ ಬಗ್ಗದ ಜನಸಾಮಾನ್ಯನ ಹುಬ್ಬೇರಿಕೆ, ಹುಬ್ಬಿನಲ್ಲಿ ಜಾಗ ಸಾಲದೆ ಮೀಸೆಗೆ ಇಳಿದಿದೆ ಎಂದು ಸಾಧಿಸಿದರು. ಮೂವರೂ ನನ್ನ ಪಕ್ಕದಲ್ಲೇ ನಿಂತು ಟಿಪ್ಪಣಿ ಮಾಡಿಕೊಂಡರು. ಮೂವರೂ ನನ್ನ ಅಭಿಪ್ರಾಯ ಕೇಳಿದರು. ನಾನು ಮೂವರಿಗೂ “ಇದ್ದರೂ ಇರಬಹುದು” ಎಂದೆ.

ಆದರೆ ಈ ಕತೆ ನನ್ನದಲ್ಲ. ಉಗುಳು ಡಾಕ್ಟರದು.

ಡಾಕ್ಟರೆಂದರೆ ಚಿತ್ರಗಳ ಡಾಕ್ಟರು. ಹಳೆಯ ಚಿತ್ರಗಳ ಕೊಳೆ ತೆಗೆದು ಸರಿಪಡಿಸುವುದು ಅವರ ಕಸುಬು. ಉದ್ದನೆಯ ಸಣಕಲು ದೇಹ, ಅದರ ತುದಿಯಲ್ಲಿ ಬಿಳಿ ಕೂದಲಿನ ಗುಪ್ಪೆ. ನೋಡಿದರೆ ಅವರೇ ಒಂದು ಹತ್ತಿ ಸುತ್ತಿದ ಕಡ್ಡಿ. ಅವರ ಸಲಕರಣೆಯೂ ಅದೇ. ಕಡ್ಡಿಗೆ ಹತ್ತಿ ಸುತ್ತುವುದು, ನಾಲಿಗೆಯ ಮೇಲೆ ಒದ್ದೆ ಮಾಡುವುದು, ಚಿತ್ರದ ಮೇಲೆ ಮೆಲ್ಲಗೆ ಉರುಳಿಸುವುದು, ಕೊಳೆಯಾದ ಹತ್ತಿಯನ್ನು ಡಬ್ಬಿಗೆ ಹಾಕುವುದು. ನೀರು ಸಾಲದು, ಸೋಪು ಹೆಚ್ಚಾಯಿತು, ಉಗುಳು ಮಾತ್ರ ಹದ ಎನ್ನುತ್ತಿದ್ದರು. ಅದಕ್ಕಾಗಿ ಕೆಲಸದ ದಿನ ಮಧ್ಯಾಹ್ನದವರೆಗೆ ಕಾಫಿ ಮುಟ್ಟರು, ಖಾರ ಮುಟ್ಟರು. ಬಾಯನ್ನು ಗಾಯಕಿ ಗಂಟಲನ್ನು ಕಾಪಾಡಿಕೊಳ್ಳುವ ಹಾಗೆ ಕಾಪಾಡಿಕೊಳ್ಳುತ್ತಿದ್ದರು.

ನಮ್ಮ ಕಚೇರಿಯ ಗುಮಾಸ್ತೆ ಹಾಜರಿ ಅಕ್ಕನಿಗೆ ಇದೊಂದು ಬಗೆಹರಿಯದ ಸಮಸ್ಯೆ. ಬೆರಳೊತ್ತಿ ಹಾಜರಿ ಹಾಕುವ ಯಂತ್ರಕ್ಕೆ ಆಕೆ ಒಡತಿ. ಅದನ್ನು ದಿನಕ್ಕೆ ಮೂರು ಸಲ ಸೆರಗಿನಿಂದ ಒರೆಸುತ್ತಿದ್ದಳು.

“ಡಾಕ್ಟ್ರೇ, ಅಜ್ಜನ ಮುಖಕ್ಕೆ ಮುಟ್ಟಿಸಿದ ಕಡ್ಡೀನ ಮತ್ತೆ ಬಾಯಿಗೆ ಇಟ್ಕೋತೀರಾ?”

“ಛೆ ಛೆ. ಪ್ರತಿ ಸಲ ಹೊಸ ಹತ್ತಿ, ಅಕ್ಕ.”

“ಅಂದ್ರೆ ಅಜ್ಜನಿಗೆ ನಿಮ್ಮ ಎಂಜಲು, ನಿಮಗೆ ಅಜ್ಜನ ಎಂಜಲು ಇಲ್ಲ. ಪಾಪ, ಅಜ್ಜ ಒಳ್ಳೇರು, ಸುಮ್ನಿದಾರೆ.”

ಮನೆಯಲ್ಲೂ ಇದೇ ಪಾಡು. ಡಾಕ್ಟರ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರಂತೆ: “ನಮ್ಮ ಅಳಿಯಂದು ಉಗುಳೋ ಕೆಲಸ. ಅದೂ ಟೆಂಪರರಿ. ನಮ್ಮ ಬೀದೀಲಿ ಎಲ್ರೂ ಖಾಯಮ್ಮಾಗಿ ಉಗುಳ್ತಾರೆ, ಇವರೊಬ್ರು ಟೆಂಪರರಿ.”

ಆ ‘ಟೆಂಪರರಿ’ಗೆ ಏಳು ವರ್ಷ ತುಂಬಿತ್ತು. ಅಜ್ಜನ ಚಿತ್ರ ಸ್ವಚ್ಛವಾಗಿ ಹೊಳೆದರೆ, ಸಂಜೆ ನಾಲ್ಕಕ್ಕೆ ಪರದೆ ಸರಿಸುವ ಸಮಾರಂಭದಲ್ಲಿ ನಗರಸಭೆ ಅಧ್ಯಕ್ಷರು ಎಲ್ಲರೆದುರು ಖಾಯಂ ಮಾಡುವುದಾಗಿ ಮಾತು ಕೊಟ್ಟಿದ್ದರು. ಡಾಕ್ಟರ ಹೆಂಡತಿಗೆ ಗಂಡನ ಮೇಲೆ ಎಷ್ಟು ಹೆಮ್ಮೆಯೆಂದರೆ ಹೊಸ ಬಿಳಿ ಕೋಟಿನ ಜೇಬಿನ ಮೇಲೆ ಕೆಂಪು ದಾರದಲ್ಲಿ ಮುಂಚಿತವಾಗಿಯೇ ‘ಮುಖ್ಯ ಚಿತ್ರ ಸಂರಕ್ಷಕ’ ಎಂದು ಕಸೂತಿ ಹಾಕಿಬಿಟ್ಟಿದ್ದಳು. ಸಮಾರಂಭದ ದಿನ ಬೆಳಿಗ್ಗೆ ಡಾಕ್ಟರು ಅದನ್ನು ತೊಟ್ಟು, ‘ಮುಖ್ಯ’ದ ಮೇಲೆ ನಾಚಿಕೆಯಿಂದ ಕೈ ಮುಚ್ಚಿಕೊಂಡು ಒಳಗೆ ಬಂದರು.

ಆರು ವಾರದಲ್ಲಿ ಅವರು ಹಣೆ, ಕೆನ್ನೆ, ಕೋಟು, ಹಿಂದಿನ ಸೇತುವೆ, ಸೇತುವೆಯ ಕೆಳಗಿನ ನೀರು ಎಲ್ಲವನ್ನೂ ತೊಳೆದು ಮುಗಿಸಿದ್ದರು. ಮೀಸೆ ಮಾತ್ರ ಮುಟ್ಟಿರಲಿಲ್ಲ. ಮೀಸೆಯ ಹತ್ತಿರ ಅವರ ಕಡ್ಡಿ ಬಂದಾಗಲೆಲ್ಲ ನಾನು ಕೆಮ್ಮುತ್ತಿದ್ದೆ. “ಅದು ಚೆನ್ನಾಗೇ ಇದೆ ಡಾಕ್ಟ್ರೇ, ಊರಿನ ಮಾನ ಅದು, ಬಿಟ್ಬಿಡಿ” ಎನ್ನುತ್ತಿದ್ದೆ. ಕಾವಲುಗಾರನಿಗೆ ಇಷ್ಟೊಂದು ಕಲಾಭಿಮಾನವೇ ಎಂದು ಅವರು ಕಣ್ಣರಳಿಸಿ ಕಡ್ಡಿ ಹಿಂದಕ್ಕೆ ತೆಗೆಯುತ್ತಿದ್ದರು.

ಬೆಳಿಗ್ಗೆ ಹತ್ತಕ್ಕೆ ಮ್ಯೂಸಿಯಂನ ಕ್ಯುರೇಟರ್ ಮೇಡಂ ಬಂದು ತಲೆ ಓರೆ ಮಾಡಿ ನೋಡಿದರು. ಎಲ್ಲ ಅನಾಹುತವೂ ಶುರುವಾದದ್ದು ಆ ಓರೆಯಿಂದ.

“ಮುಖ ಎಲ್ಲ ಲಕಲಕ ಅಂತಿದೆ ಡಾಕ್ಟ್ರೇ. ಮೀಸೆ ಒಂದೇ ಮಂಕು ಮಂಕು. ಒಂದ್ ಸಲ ಹಾಗೆ ಮುಟ್ಟಿಸ್ಬಿಡಿ, ಸಾಕು.”

ನಾನು ಕೆಮ್ಮಿದೆ. ಮೇಡಂ ನನ್ನನ್ನು ಕೆಮ್ಮಿನ ಮಾತ್ರೆ ತರಲು ಕೆಳಗೆ ಕಳಿಸಿದರು.

ನಾನು ಹೋಗಿ ಬರುವುದರೊಳಗೆ ನಡೆದದ್ದಿಷ್ಟು. ಡಾಕ್ಟರು ಭೂತಕನ್ನಡಿ ಕಣ್ಣಿಗೆ ಕಟ್ಟಿಕೊಂಡು ಎಡಮೀಸೆಯ ಮೇಲೆ ಕಡ್ಡಿ ಉರುಳಿಸಿದರು. ಹತ್ತಿ ಕಪ್ಪಾಯಿತು. ‘ಆಹಾ, ಎಷ್ಟು ವರ್ಷದ ಹೊಗೆ!’ ಎಂದು ಖುಷಿಪಟ್ಟು ಇನ್ನೊಂದು ಕಡ್ಡಿ. ಅದೂ ಕಪ್ಪು. ಮೂರನೆಯದಕ್ಕೆ ಸಣ್ಣಗೆ ಹಾಡು ಗುನುಗತೊಡಗಿದರು. ಭೂತಕನ್ನಡಿಯಲ್ಲಿ ಒಂದು ಹೆಬ್ಬೆರಳಿನಗಲ ಮಾತ್ರ ಕಾಣುತ್ತದೆ ನೋಡಿ. ನಾಲ್ಕನೆಯದನ್ನು ಮುಗಿಸಿ, ಕನ್ನಡಿ ತೆಗೆದು, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರು.

ಸೇತುವೆ ಅಜ್ಜನಿಗೆ ಬಲಗಡೆ ಮಾತ್ರ ಮೀಸೆಯಿತ್ತು.

ಎಡಗಡೆ ಈಗಷ್ಟೇ ಕ್ಷೌರ ಮಾಡಿಸಿಕೊಂಡ ಹಾಗೆ ನುಣ್ಣನೆ ಗುಲಾಬಿ ತುಟಿ. ಅಷ್ಟೇ ಅಲ್ಲ, ಇಷ್ಟು ವರ್ಷ ಮೀಸೆಯ ಕೆಳಗೆ ಮುಚ್ಚಿಹೋಗಿದ್ದ ಒಂದು ಕಿರುನಗೆಯೂ ಆ ಮೂಲೆಯಲ್ಲಿ ಹೊರಬಂದಿತ್ತು. ಇಡೀ ಊರಿನ ಗಂಭೀರ ಅಜ್ಜ, ಅರ್ಧ ಮುಖದಲ್ಲಿ ನಮ್ಮ ಡಾಕ್ಟರನ್ನು ನೋಡಿ ನಗುತ್ತಿದ್ದ.

“ಕಾವಲಣ್ಣಾ...” ಎಂದರು ಡಾಕ್ಟರು. ಅವರ ಬಾಯಿ ಒಣಗಿಹೋಗಿತ್ತು. ಅಂಥ ಬಾಯಿ ಒಣಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಮಾತ್ರೆ ನುಂಗಿದೆ.

“ಎಣ್ಣೆಬಣ್ಣ ಇನ್ನೂರು ವರ್ಷ ಒಣಗಿದ ಮೇಲೆ ಕಲ್ಲಾಗಿರುತ್ತೆ ಅಣ್ಣ. ಉಗುಳಿಗೆ ಬರಲ್ಲ. ಬರಕೂಡದು. ಇದು ಆ ಬಣ್ಣಾನೇ ಅಲ್ಲ.”

“ನಿಮ್ಮ ಉಗುಳೇ ಇವತ್ತು ಜೋರಾಗಿರಬೇಕು. ಬೆಳಿಗ್ಗೆ ಏನು ತಿಂದ್ರಿ?”

“ಬರೀ ಬ್ರೆಡ್ಡು.”

“ನೋಡಿ ಮತ್ತೆ. ಅದರ ಹೊದಿಕೆ ಮೇಲೂ ಮೀಸೆ ಇದೆ. ಏನೋ ಸಂಬಂಧ ಇರುತ್ತೆ.” ನನಗೆ ತಲೆ ಓಡುತ್ತಿರಲಿಲ್ಲ. ದನಿ ತಗ್ಗಿಸಿ ಹೇಳಿದೆ: “ಡಾಕ್ಟ್ರೇ, ಯಾರೂ ನೋಡಿಲ್ಲ. ನನ್ ಹತ್ರ ಕರೀದು ಒಂಚೂರು ಇದೆ. ತಂದುಕೊಡ್ತೀನಿ, ಹಚ್ಚಿಬಿಡಿ.”

“ಕರೀದು ಅಂದ್ರೆ ಏನು?”

“ಕರೀದು ಅಂದ್ರೆ ಕರೀದು.”

ಡಾಕ್ಟರು ಬೆನ್ನು ನೆಟ್ಟಗೆ ಮಾಡಿದರು. “ನಾನು ತೆಗೆಯೋನು ಅಣ್ಣ, ಹಾಕೋನಲ್ಲ. ಬರೆದ ಕೈಯಿಗೂ ನೋಡೋ ಕಣ್ಣಿಗೂ ಮಧ್ಯೆ ಕೂತಿರೋ ಕೊಳೆ ತೆಗೆಯೋದು ನನ್ನ ಕೆಲಸ. ಅದರ ಮೇಲೆ ನನ್ನ ಗೀಟು ಒಂದೂ ಇರಬಾರದು. ಖಾಯಂ ಆಗದೆ ಇದ್ರೂ ಪರವಾಗಿಲ್ಲ, ಮೇಡಂಗೆ ನಿಜ ಹೇಳ್ತೀನಿ.”

ಹೇಳುತ್ತಿದ್ದರೇನೋ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕತ್ತರಿಯ ಚಕಚಕ ಸದ್ದು. ಎದುರಿನ ಕ್ಷೌರಿಕ! ಸಮಾರಂಭಕ್ಕೆ ಬರುವ ಗಿರಾಕಿಗಳ ಮೀಸೆ ಕತ್ತರಿಸಲು ಅಸಲಿಯ ಅಳತೆ ತೆಗೆದುಕೊಳ್ಳಲು ಬಂದಿದ್ದ. ಡಾಕ್ಟರು ಗಾಬರಿಯಲ್ಲಿ ಕೋಟು ಬಿಚ್ಚಿ ಚೌಕಟ್ಟಿನ ಮೂಲೆಗೆ ತಗಲುಹಾಕಿ ಅಜ್ಜನ ಮುಖ ಮುಚ್ಚಿದರು.

“ಏನಣ್ಣ, ಅಜ್ಜಂಗೆ ಚಳಿನಾ?”

“ಹೂಂ... ಅಂದ್ರೆ, ಬಣ್ಣಕ್ಕೆ ಬೆಳಕು ಬೀಳಬಾರದು,” ಎಂದೆ ನಾನು.

“ಒಂದ್ ನಿಮಿಷ, ಬರೀ ಎಡತುದಿ ಅಳತೆ...” ಎನ್ನುತ್ತ ಕ್ಷೌರಿಕ ಕೋಟಿನ ತೋಳು ಎತ್ತಿಯೇಬಿಟ್ಟ.

ಆತ ಕೂಗಿದ ಕೂಗಿಗೆ ಹನ್ನೊಂದು ಕೋಣೆಗಳ ಕಿಟಕಿ ಗಾಜು ಒಡೆದವು ಎಂದರೆ ನೀವು ನಂಬಲಿಕ್ಕಿಲ್ಲ, ಒಂಬತ್ತರದ್ದು ಎಂದಿಟ್ಟುಕೊಳ್ಳಿ. ಕತ್ತರಿ ಅಲ್ಲೇ ಬಿಟ್ಟು ಬೀದಿಗೆ ಓಡಿದ. ಅಂಗಡಿಯ ಕುರ್ಚಿಯಲ್ಲಿ ಒಂದು ಕಡೆ ಮೀಸೆ ಕೆತ್ತಿಸಿಕೊಂಡು, ಇನ್ನೊಂದು ಕಡೆ ನೊರೆ ಹಚ್ಚಿಕೊಂಡು ಕೂತಿದ್ದ ಗಿರಾಕಿ ಏನಾಯಿತೆಂದು ಹೊರಗೆ ಬಂದ. ಕ್ಷೌರಿಕ ಅವನ ಮುಖವನ್ನೇ ತೋರಿಸಿ ಕೂಗಿದ: “ಹಿಂಗೇ! ನಮ್ಮ ಅಜ್ಜನ ಗತಿ ಹಿಂಗೇ ಆಗಿದೆ!”

ಸುದ್ದಿ ಬ್ರೆಡ್ಡಿನಂಗಡಿಗೆ ಹೋಗುವಾಗ ‘ಡಾಕ್ಟ್ರು ಅಜ್ಜನ ಅರ್ಧ ಮೀಸೆ ಅಳಿಸಿದರು’ ಎಂದಿತ್ತು. ಬಸ್ ನಿಲ್ದಾಣದಲ್ಲಿ ‘ನೆಕ್ಕಿದರು’ ಎಂದಾಯಿತು. ಫುಟ್‌ಬಾಲ್ ಮೈದಾನ ಮುಟ್ಟಿದಾಗ ‘ಪೂರ್ತಿ ಮೀಸೆ ತಿಂದು ಈಗ ಗಡ್ಡ ಹುಡುಕ್ತಿದಾರೆ’ ಎಂದಾಗಿತ್ತು. ಹನ್ನೆರಡು ಗಂಟೆಗೆ ಮ್ಯೂಸಿಯಂ ಎದುರು ಎರಡು ಸಾವಿರ ಜನ. ಅವರಲ್ಲಿ ಮೂವತ್ತು ಗಂಡಸರು, ಆ ಗಿರಾಕಿಯನ್ನು ನೋಡಿ ಅದೇ ಪ್ರತಿಭಟನೆಯ ಕ್ರಮವೆಂದು ತಿಳಿದು, ಅರ್ಧ ಮೀಸೆ ಬೋಳಿಸಿಕೊಂಡೇ ಬಂದಿದ್ದರು. ಫುಟ್‌ಬಾಲ್ ತಂಡದ ನಾಯಕ ಗೇಟಿನ ಮೇಲೆ ಹತ್ತಿ, “ಮೀಸೆ ಇಲ್ಲದೆ ನಾವು ಮೈದಾನಕ್ಕೆ ಹೆಂಗೆ ಇಳಿಯೋದು?” ಎಂದು ಅಳತೊಡಗಿದ.

ನಿಜ ಹೇಳುತ್ತೇನೆ, ಆ ಗಲಾಟೆಯ ನಡುವೆಯೂ ನನ್ನ ಎದೆಯುಬ್ಬಿತು. ಒಂದು ಹಳೆಯ ಚಿತ್ರಕ್ಕಾಗಿ, ಅದರಲ್ಲೂ ಒಂದು ಗೇಣು ಕಪ್ಪಿಗಾಗಿ, ಅಂಗಡಿ ಮುಚ್ಚಿ ಬರುವ ಊರು ಇನ್ನೆಲ್ಲಿದೆ?

ಜನರ ನಡುವೆ ದಾರಿ ಮಾಡಿಕೊಂಡು ಬಂದವರು ಕಲಾ ಇತಿಹಾಸದ ಪ್ರೊಫೆಸರಮ್ಮ. ಸಂಜೆ ಭಾಷಣ ಮಾಡಬೇಕಾಗಿದ್ದವರು. ಕುಳ್ಳಗೆ, ಕೈಯಲ್ಲಿ ದೊಡ್ಡ ಭೂತಕನ್ನಡಿ, ಚಿತ್ರದ ಎದುರು ನಿಂತರೆ ಅಕ್ಕಪಕ್ಕದವರನ್ನು ಮರೆಯುವ ಸ್ವಭಾವ. ಹಿಂದೆಯೇ ಮೇಡಂ, ಹಾಜರಿ ಅಕ್ಕ, ಗಲಾಟೆ ಕೇಳಿ ಊಟ ಬಿಟ್ಟು ಬಂದ ಅಧ್ಯಕ್ಷರು. ಅಧ್ಯಕ್ಷರಿಗೆ ದೊಡ್ಡ ಮೀಸೆ. ಚುನಾವಣೆಯಲ್ಲಿ ಅವರ ಮೀಸೆ ಅಜ್ಜನ ಮೀಸೆಯನ್ನು ಹೋಲುತ್ತದೆಂದೇ ಜನ ಗೆಲ್ಲಿಸಿದ್ದರು.

“ಯಾರ್ರೀ ಅದು ನಮ್ಮ ಅಜ್ಜನ ಮೀಸೆ ನೆಕ್ಕಿದ್ದು?”

“ನೆಕ್ಕಿಲ್ಲ ಸಾರ್,” ಎಂದರು ಡಾಕ್ಟರು. “ಹತ್ತಿ ಉರುಳಿಸಿದೆ. ಅದು ಚಿತ್ರಕಾರರ ಬಣ್ಣ ಅಲ್ಲ ಸಾರ್. ಆಮೇಲೆ ಯಾರೋ ಹಚ್ಚಿದ್ದು. ಇದು ಮೇಣ, ವಾಸನೆ ನೋಡಿ.” ಡಬ್ಬಿಯಿಂದ ಕಪ್ಪು ಹತ್ತಿ ತೆಗೆದು ಮೂಸಿದರು. “ಇದು ನಾನು ದಿನಾ ಎಲ್ಲೋ ಮೂಸೋ ವಾಸನೆ. ಬೆಳಿಗ್ಗೆ ಒಳಗೆ ಬರುವಾಗೆಲ್ಲ... ಎಲ್ಲಿ... ಎಲ್ಲಿ...”

ನಾನು ಕಾಲುಗಳನ್ನು ಬೆಂಚಿನ ಕೆಳಗೆ ಸರಿಸಿದೆ.

ಅಷ್ಟರಲ್ಲಿ ಉಳಿದ ಬಲಮೀಸೆಯ ಮೇಲೆ ಬಗ್ಗಿದ್ದ ಪ್ರೊಫೆಸರಮ್ಮ ಒಮ್ಮೆಲೇ ಚಪ್ಪಾಳೆ ತಟ್ಟಿದರು. “ಎಲ್ರೂ ಸುಮ್ನಿರಿ! ಇಲ್ಲಿ ಹೆಬ್ಬೆರಳ ಗುರುತಿದೆ!”

ಎಲ್ಲರೂ ಅವರ ಹೆಗಲ ಮೇಲಿಂದ ಇಣುಕಿದರು.

“ಮೀಸೆಯನ್ನು ಕುಂಚದಲ್ಲಿ ಬರೆದಿಲ್ಲ. ಹೆಬ್ಬೆರಳಲ್ಲಿ, ಒಂದೇ ಎಳೆತದಲ್ಲಿ ತೀಡಿದಾರೆ. ಎಂಥ ಧೈರ್ಯ ನೋಡಿ! ಮುಖ ಎಲ್ಲ ಕುಂಚದಲ್ಲಿ ಮಾಡಿ, ಕೊನೇಲಿ ಕುಂಚ ಬಿಸಾಕಿ ಬರೀ ಕೈ ಹಾಕಿದಾರೆ. ಹೆಸರೇ ಗೊತ್ತಿಲ್ಲದ ಕಲಾವಿದನ ಕೈಗುರುತು ನಮ್ಮ ಮುಂದಿದೆ! ಇದು ಮಹಾನ್ ಕಲಾವಿದನ ಕೆಲಸ.”

ನನಗೆ ಒಂದು ಕ್ಷಣ ನೆಲ ಬಿಟ್ಟು ಮೇಲೆ ತೇಲಿದ ಹಾಗಾಯಿತು. ಯಾಕೆಂದು ಕೇಳಬೇಡಿ.

ಆದರೆ ಡಾಕ್ಟರ ಮುಖ ಗೋಡೆಯ ಸುಣ್ಣವಾಯಿತು. ಬೆಳಿಗ್ಗೆ ಅವರು ಅಳಿಸಿದ್ದು ಬರೀ ಮೀಸೆ. ಈಗ ಅದು ಮಹಾನ್ ಕಲಾವಿದನ ಬೆರಳಾಯಿತು. ಅಧ್ಯಕ್ಷರು ಕಿಟಕಿಯಿಂದ ತಲೆ ಹಾಕಿ ಜನರಿಗೆ ಕೂಗಿ ಹೇಳಿದರು. ಕೆಳಗೆ ಹರ್ಷೋದ್ಗಾರ, ಅದರ ಬೆನ್ನಿಗೇ “ಇನ್ನೊಂದು ಕಡೆಯ ಬೆರಳು ಎಲ್ಲಿ?” ಎಂಬ ಗರ್ಜನೆ.

“ನಾಳೆಯಿಂದ ಬರಬೇಡಿ,” ಎಂದರು ಅಧ್ಯಕ್ಷರು ಡಾಕ್ಟರಿಗೆ. “ಖಾಯಂ ಅಲ್ಲ, ಟೆಂಪರರೀನೂ ಅಲ್ಲ.”

ಡಾಕ್ಟರು ಕೋಟನ್ನು ಚೌಕಟ್ಟಿನಿಂದ ತೆಗೆದು ಮಡಚಿದರು. ಕೆಂಪು ದಾರದ ಅಕ್ಷರ ಒಳಗೆ ಬರುವ ಹಾಗೆ ಮಡಚಿದರು. “ಹೋಗ್ತೀನಿ ಸಾರ್. ಆದ್ರೆ ಆ ಬೆರಳು ಯಾರದು ಅಂತ ಒಂದ್ಸಲ ನೋಡಿ. ಉಗುಳಿಗೆ ಬರೋ ಬಣ್ಣ ಇನ್ನೂರು ವರ್ಷದ್ದಲ್ಲ. ನನ್ನ ನಾಲಿಗೆ ಸುಳ್ಳು ಹೇಳಲ್ಲ.”

“ಯಾರದು ಅಂತ ಹೇಳೋಕೆ ಇಲ್ಲಿ ಯಾರಿದಾರೆ?” ಎಂದರು ಅಧ್ಯಕ್ಷರು.

“ಯಾಕಿಲ್ಲ?” ಎಂದಳು ಹಾಜರಿ ಅಕ್ಕ. “ಬೆರಳು ಗುರುತು ಹಿಡಿಯೋದ್ರಲ್ಲಿ ನನ್ನ ಮಿಷನ್ನಿಗಿಂತ ದೊಡ್ಡ ಪಂಡಿತ ಈ ಊರಲ್ಲಿಲ್ಲ.”

ಎಲ್ಲರೂ ನಕ್ಕರು. ಪ್ರೊಫೆಸರಮ್ಮ ಅಷ್ಟರಲ್ಲಾಗಲೇ ಭಾಷಣಕ್ಕೆ ಬೇಕೆಂದು ಆ ಗುರುತಿನ ಫೋಟೋ ತೆಗೆದು, ಇದ್ದಷ್ಟೇ ಅಳತೆಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಅಕ್ಕನ ಪ್ರಿಂಟರಿನಲ್ಲೇ ಅಚ್ಚು ಹಾಕಿಸಿದ್ದರು. ಅಕ್ಕ ಅದನ್ನು ಕೈಗೆತ್ತಿಕೊಂಡು ಕೆಳಗೆ ಹೊರಟಳು. ತಮಾಷೆ ನೋಡಲು ಎಲ್ಲರೂ ಹಿಂದೆ ಹೊರಟರು. ನಾನು ಮಾತ್ರ ಮೇಲೆಯೇ ಇರುತ್ತೇನೆಂದೆ. “ಇಲ್ಲಿ ಕಾಯೋಕೆ ಇನ್ನು ಅರ್ಧಾನೇ ಇರೋದು, ಬಾ” ಎಂದು ಅಧ್ಯಕ್ಷರು ತೋಳು ಹಿಡಿದು ಎಳೆದುಕೊಂಡೇ ಹೋದರು.

“ನೋಡೋಣ,” ಎಂದಳು ಅಕ್ಕ, ಹಾಳೆಯನ್ನು ಬೆರಳಿಗೆ ಸುತ್ತಿಕೊಂಡು. “ಮಹಾನ್ ಕಲಾವಿದರು ಇವತ್ತು ಡ್ಯೂಟಿಗೆ ಬಂದಿದಾರೋ, ಚಕ್ಕರ್ ಹೊಡ್ದಿದಾರೋ.”

ಗಾಜಿನ ಮೇಲೆ ಒತ್ತಿದಳು. ಹಸಿರು ದೀಪ ಹತ್ತಿತು. ಯಂತ್ರದೊಳಗಿನ ಹೆಂಗಸು, ನಲವತ್ತು ಜನ ಉಸಿರು ಬಿಗಿಹಿಡಿದಿದ್ದ ಆ ಪಡಸಾಲೆಯಲ್ಲಿ, ಇಂಪಾಗಿ ಹೇಳಿದಳು:

“ಧನ್ಯವಾದ. ನೌಕರ ಸಂಖ್ಯೆ ಒಂದು. ಕಾವಲುಗಾರ. ನೀವು ಈಗಾಗಲೇ ಹಾಜರಾಗಿದ್ದೀರಿ.”

ಮೊದಲು ಎಲ್ಲರೂ ಯಂತ್ರವನ್ನು ನೋಡಿದರು. ಆಮೇಲೆ ನನ್ನನ್ನು. ಡಾಕ್ಟರು ಮಾತ್ರ ನನ್ನ ಬೂಟು ನೋಡಿದರು, ಬಗ್ಗಿದರು, ಒಂದು ಸಲ ಮೂಸಿದರು.

“ಇದೇ,” ಎಂದರು. “ಬೆಳಿಗ್ಗೆ ಒಳಗೆ ಬರುವಾಗೆಲ್ಲ ಇದೇ ವಾಸನೆ.”

ಹೇಳಿಬಿಟ್ಟೆ. ಮ್ಯೂಸಿಯಂ ತೆರೆದ ದಿನ ಹೊಸ ನೌಕರಿ, ಹೊಸ ಬೂಟು. ಬೆಳಿಗ್ಗೆಯೆಲ್ಲ ಪಾಲಿಶ್ ತಿಕ್ಕಿದ್ದೆ. ಕೈ ಸರಿಯಾಗಿ ತೊಳೆದಿರಲಿಲ್ಲ. ಅಜ್ಜನ ಗೋಣಿತಟ್ಟು ಬಿಚ್ಚಿದವನು ನಾನೊಬ್ಬನೇ. ಮೂಗಿನ ಕೆಳಗೆ ಜೇಡದ ಬಲೆಯ ಎಳೆಯೊಂದು ಅಂಟಿತ್ತು, ಹೆಬ್ಬೆರಳಿಂದ ಒರೆಸಿದೆ. ಎಡತುಟಿಯ ಮೇಲೆ ಕಪ್ಪು ಪಟ್ಟೆ! ಒರೆಸಿದಷ್ಟೂ ತುದಿ ಮೇಲಕ್ಕೆ ಹೋಯಿತು. ಅದೇ ಆ ಎರಡು ಬೆರಳಿನ ಎತ್ತರ, ಅದೇ ಮೂರು ಪಿಎಚ್.ಡಿ. ಮೆಟ್ಟಿಲ ಮೇಲೆ ಆಗಿನ ಅಧ್ಯಕ್ಷರ ಹೆಜ್ಜೆ ಸದ್ದು. ಒಂದೇ ಕಡೆ ಇದ್ದರೆ ಕಲೆ ಬಿದ್ದಿದೆ ಎನ್ನುತ್ತಾರೆ, ಎರಡೂ ಕಡೆ ಇದ್ದರೆ ಮೀಸೆ ಎನ್ನುತ್ತಾರೆ. ಉಸಿರು ಬಿಗಿಹಿಡಿದು ಬಲಗಡೆಗೂ ಒಂದು ಎಳೆದೆ.

“ಎಡಗಡೇದು ಅಪಘಾತ, ಒಪ್ಕೋತೀನಿ,” ಎಂದೆ. “ಬಲಗಡೇದು ಮಾತ್ರ ಕಲೆ. ಅಮ್ಮಾವರೇ ಹೇಳಿದಾರೆ, ಎಂಥ ಧೈರ್ಯ ಅಂತ.”

ಯಾರಾದರೂ ಹೊಡೆಯುತ್ತಾರೆಂದು ಕಾದೆ. ಗೇಟಿನಲ್ಲಿದ್ದವರಿಗೆ ಕ್ಷೌರಿಕನ ಬಾಯಿಂದ ಇದು ಮುಟ್ಟಿತ್ತು. ಸಮಾರಂಭಕ್ಕೆಂದು ಅಂಟಿಸಿಕೊಂಡು ಬಂದಿದ್ದ ಕಾಗದದ ಮೀಸೆಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಫುಟ್‌ಬಾಲ್ ನಾಯಕ ತನ್ನ ಎದೆಯ ಮೇಲಿನ ಗುರುತನ್ನು, ಬೇರೆಯವರ ಅಂಗಿ ಹಾಕಿಕೊಂಡವನ ಹಾಗೆ, ನೋಡಿಕೊಂಡ. ಅದನ್ನು ನೋಡಲಾಗಲಿಲ್ಲ ನನಗೆ.

ಪ್ರೊಫೆಸರಮ್ಮ ಮೆಟ್ಟಿಲ ಮೇಲೆ ನಿಂತರು. “ಯಾಕೆ ತೆಗೀತಿದೀರಾ? ಹಾಕ್ಕೊಳ್ಳಿ! ಚಿತ್ರ ಬರೆದು ಮುಗಿಯೋದು ಕಲಾವಿದನ ಮನೇಲಿ ಅಲ್ಲ. ಆಮೇಲೆ ನೋಡೋರು ಅದನ್ನ ಇಷ್ಟಪಡ್ತಾ, ಜಗಳ ಆಡ್ತಾ, ಅಂಗಿ ಮೇಲೆ ಹೊಲೀತಾ ಬರೀತಾನೇ ಇರ್ತಾರೆ. ಅಜ್ಜ ಮೀಸೆ ಇಲ್ಲದೆ ಸೇತುವೆ ಕಟ್ಟಿದ್ರು. ಮೀಸೆ ಕಟ್ಟಿದ್ದು ನೀವು, ನಲವತ್ತು ವರ್ಷ ಕೂತು. ಇವತ್ತಿಂದ ಅದೂ ಇತಿಹಾಸವೇ. ಉಳಿದ ಅರ್ಧ ಯಾರೂ ಮುಟ್ಟಕೂಡದು. ಹೋದ ಅರ್ಧ ಮತ್ತೆ ಬರಬೇಕು.”

ಎರಡು ಸಾವಿರ ಜನ ಕೂಗಿದ ಕೂಗಿಗೆ ನದಿ ಒಂದು ಕ್ಷಣ ಹಿಂದಕ್ಕೆ ಹರಿಯಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು ಮ್ಯೂಸಿಯಂನ ಫಲಕಕ್ಕೆ ಅಲ್ಲೇ ಒಕ್ಕಣೆ ಹೇಳಿ ಬರೆಸಿದರು: ‘ಚಿತ್ರ: ಅಜ್ಞಾತ ಕಲಾವಿದ. ಮೀಸೆ: ನಮ್ಮ ಕಾವಲುಗಾರ.’

“ಹಾಗಾದ್ರೆ ಡಾಕ್ಟ್ರು ಹೇಳಿದ್ದೇ ಸರಿ ಆಯ್ತಲ್ಲ ಸಾರ್,” ಎಂದಳು ಹಾಜರಿ ಅಕ್ಕ. “ಖಾಯಂ?”

“ಸರಿ ಹೇಳಿದ್ರು, ಆದ್ರೆ ಇತಿಹಾಸ ಅಳಿಸಿದ್ರು. ಟೆಂಪರರಿ ಮುಂದುವರೀಲಿ. ಆ ಪಾಲಿಶ್ ಡಬ್ಬಿ ತಗೊಂಡು ಎಡಮೀಸೆ ಹಚ್ಚಲಿ. ಮೀಸೆ ಮುಂಚಿನ ಹಾಗೇ ಆದ ದಿನ ಖಾಯಂ. ಎಷ್ಟು ದಿನ ಬೇಕಾಗುತ್ತೆ ಅಮ್ಮ?”

ಪ್ರೊಫೆಸರಮ್ಮ ಲೆಕ್ಕ ಹಾಕಿದರು. “ಹಚ್ಚೋಕೆ ಐದು ನಿಮಿಷ. ಬಲಗಡೆಯಷ್ಟು ಒಣಗಿ ಮಾಗೋಕೆ... ನಲವತ್ತು ವರ್ಷ.”

“ಆಗ್ಲಿ. ನಲವತ್ತು ವರ್ಷ ಆದ್ಮೇಲೆ ನೆನಪು ಮಾಡಿ.”

ತೆಗೆಯುವವನು, ಹಾಕುವವನಲ್ಲ ಎಂದಿದ್ದ ಮನುಷ್ಯ ಅಜ್ಜನ ಎದುರು ಕೂತು ನನ್ನ ಬೂಟ್ ಪಾಲಿಶ್ ಡಬ್ಬಿ ತೆರೆದರು. ಅಜ್ಜನ ಕಿರುನಗೆಯನ್ನು ಇನ್ನೊಮ್ಮೆ ನೋಡಿ, ಅದನ್ನು ಮುಚ್ಚಿದರು. ಕೋಟಿನ ಜೇಬಿನಿಂದ ಕೆಂಪು ದಾರ ಬಿಡಿಸುವ ಕೆಲಸ ಅತ್ತೆಯವರೇ ವಹಿಸಿಕೊಂಡರಂತೆ. “ಮೊದಲು ಉಗುಳ್ತಿದ್ರು, ಈಗ ಪಾಲಿಶ್ ಹಾಕ್ತಾರೆ. ಬೂಟು ಒಂದು ಕೊಟ್ಬಿಟ್ರೆ ಕೆಲಸ ಪೂರ್ತಿಯಾಗುತ್ತೆ” ಎಂದರಂತೆ.

ಸಂಜೆ ಎಲ್ಲರೂ ನನ್ನ ಕೈಕುಲುಕಿ ಹೋದ ಮೇಲೆ ಡಾಕ್ಟರು ಡಬ್ಬಿ ತಂದುಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಕಾವಲಣ್ಣ, ಬೆಳಿಗ್ಗೆ ನಾನು ‘ಇದು ಆ ಬಣ್ಣಾನೇ ಅಲ್ಲ’ ಅಂದಾಗಲೇ ನಿಮಗೆ ಗೊತ್ತಿತ್ತಲ್ಲ. ಒಂದು ಮಾತು ಹೇಳಿದ್ರೆ ಆಗ್ತಿತ್ತು. ಯಾಕೆ ಹೇಳಲಿಲ್ಲ?”

ನಲವತ್ತು ವರ್ಷದಲ್ಲಿ ಮೊದಲ ಸಲ ಕಣ್ಣು ಮಿಟುಕಿಸಿದೆ.

ಹೇಗೂ ಸಿಕ್ಕಿಬಿದ್ದ ಮೇಲೆ ನಿಮ್ಮಿಂದ ಇನ್ನು ಮುಚ್ಚುವುದೇನಿದೆ? ಪಾರಿವಾಳ ಇಪ್ಪತ್ತಿಪ್ಪತ್ತಲ್ಲ, ಒಂದೊಂದು. ಕಿಟಕಿ ಗಾಜು ಯಾವುದೂ ಒಡೆಯಲಿಲ್ಲ. ಎರಡು ಸಾವಿರ ಜನವಲ್ಲ, ಇನ್ನೂರಿದ್ದರೇನೋ. ಪಾಲಿಶ್ಶಿನ ಮೇಲೆ ಉಗುಳಿ ತಿಕ್ಕಿದರೇ ಬೂಟು ಹೊಳೆಯುವುದು, ಹೆಚ್ಚು ತಿಕ್ಕಿದರೆ ಪಾಲಿಶ್ಶೇ ಎದ್ದುಬರುವುದು. ಉಗುಳಿಗೂ ಪಾಲಿಶ್ಶಿಗೂ ಇರುವ ನಂಟು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಆರು ವಾರ ಕೆಮ್ಮಿದ್ದು. ನಲವತ್ತು ವರ್ಷ ಆ ಮೀಸೆಯನ್ನು ಕಾದೆನೆಂಬುದು ಮಾತ್ರ ನಿಜ. ಕಾದದ್ದು ಕಳ್ಳರಿಂದಲ್ಲ, ಒದ್ದೆ ಬಟ್ಟೆಯಿಂದ.